ಸರದಿ ಮೇಲೆ ಊಟ

ಹಳೆಯದೆಲ್ಲ ಚಂದವಿತ್ತು ಎಂದು ನಿಟ್ಟುಸಿರು ಬಿಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹಳೆಯದು ಎಷ್ಟು ಚಂದವಿತ್ತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಕಾರ್ಖಾನೆಯ ಹಿಂದೆ ಕೆಟ್ಟ ಪೈಪಿನ ಗುಡ್ಡೆ ಬಿದ್ದಿರುತ್ತಿತ್ತು, ಅದರ ಮೇಲೆ ಊರ ನಾಯಿಗಳು ಆರಾಮಾಗಿ ಮಲಗುತ್ತಿದ್ದವು. ಆ ಗುಡ್ಡೆಯನ್ನು ಕರಗಿಸಿದವರಲ್ಲಿ ನಾನೂ ಒಬ್ಬ, ಅದರ ಬಗ್ಗೆ ಇವತ್ತಿಗೂ ಹೆಮ್ಮೆಯಿದೆ. ಆದರೆ ಗುಡ್ಡೆಯ ಜೊತೆಗೆ ಇನ್ನೊಂದೂ ಹೋಯಿತು. ಅದರ ಹಳಹಳಿ ಮಾತ್ರ ಹೋಗಿಲ್ಲ. ನಾನೂ ಮಾಮಾನೂ ಕೂಡಿ ಉಣ್ಣುತ್ತಿದ್ದ ಊಟ ಅದು.

ಇಂಡಿಯಿಂದ ಸಿಂದಗಿ ಕಡೆ ಹೋಗುವ ರಸ್ತೆಯ ಮಗ್ಗುಲಿಗೆ ನಮ್ಮದು ಹನಿ ನೀರಾವರಿಯ ಕರಿ ಪೈಪು ಮಾಡುವ ಕಾರ್ಖಾನೆ. ಲಿಂಬೆ ವ್ಯಾಪಾರದ ಮನೆತನವೊಂದು ಕಟ್ಟಿಸಿದ್ದು. ಸುತ್ತಲಿನ ಲಿಂಬೆ ತೋಟಗಳಿಗೆ, ಚಡಚಣದ ದ್ರಾಕ್ಷಿಗೆ, ಬಸವನ ಬಾಗೇವಾಡಿ ಕಡೆಯ ದಾಳಿಂಬೆಗೆ ನಮ್ಮ ಪೈಪು ಹೋಗುತ್ತದೆ. ಸುರುವಾತಿಗೆ ಇದ್ದದ್ದು ಒಂದೇ ಮಷೀನು, ಅದನ್ನು ಬಲ್ಲವರು ಇಬ್ಬರೇ. ಒಬ್ಬ ನಾನು, ಐಟಿಐ ಮುಗಿಸಿ ಬಂದ ಹುಡುಗ. ಇನ್ನೊಬ್ಬರು ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಕಡೆಯವರು, ನನಗಿಂತ ಸಾಕಷ್ಟು ಹಿರಿಯರು, ಸೊಲ್ಲಾಪುರದಲ್ಲಿ ಇಂಥದೇ ಕೆಲಸದಲ್ಲಿ ಪಳಗಿ ಬಂದವರು. ಮೊದಲ ದಿನವೇ ನನ್ನನ್ನು ಅಳಿಯಾ ಎಂದರು, ನಾನು ಮಾಮಾ ಎಂದೆ. ಅವರು ಮುಸಲ್ಮಾನರು, ನಾವು ಲಿಂಗಾಯತರು. ಆದರೆ ಮಾಮಾ-ಅಳಿಯ ಎಂದ ಮೇಲೆ ಒಬ್ಬರನ್ನೊಬ್ಬರು ಕಾಡಿಸಲು ಲೈಸೆನ್ಸು ಸಿಕ್ಕ ಹಾಗೆ.

"ದೇವ್ರು ದೊಡ್ಡಾಂವ ಅದಾನ ಅಳಿಯಾ. ನನಗ ಮಗಳನ್ನ ಕೊಡಲಿಲ್ಲ. ಕೊಟ್ಟಿದ್ರ ನಿನ್ನಂಥಾಂವಗ ಗಂಟ ಹಾಕಬೇಕಾಗಿತ್ತು," ಎನ್ನುತ್ತಿದ್ದರು.

"ನಿಮ್ಮಂಥ ಮಾವ ಸಿಗೂದು ತಪ್ಪಿತಲ್ರಿ, ನನ್ನ ಪಾಲಿಗೂ ದೇವ್ರು ದೊಡ್ಡಾಂವನ ಅದಾನ," ಎನ್ನುತ್ತಿದ್ದೆ ನಾನು.

ಒಂದು ಗಂಟೆಗೆ ಮಷೀನು ನಿಲ್ಲಿಸಿ ಎಲ್ಲರೂ ಗೇಟಿನ ಹತ್ತಿರದ ಬೇವಿನ ಗಿಡದ ಕೆಳಗೆ ಕೂರುತ್ತಿದ್ದೆವು. ನನ್ನ ಹೆಂಡತಿ ಮಾಮಾನ ಸಲುವಾಗಿ ಎರಡು ರೊಟ್ಟಿ ಹೆಚ್ಚಿಗೆ ಕಟ್ಟುತ್ತಿದ್ದಳು, ಜೊತೆಗೆ ಶೇಂಗಾ ಚಟ್ನಿ. ಅವರ ಡಬ್ಬಿಯಲ್ಲಿ ಹುಳಿ ಸೊಪ್ಪಿನ ಪುಂಡಿಪಲ್ಯವೋ ಮಡಕಿಕಾಳೋ ಇರುತ್ತಿತ್ತು. ಒಂದು ದಿನವೂ ಅವರು ಮಾಂಸದ ಅಡುಗೆ ತಂದದ್ದಿಲ್ಲ. ತರಬೇಡಿ ಎಂದು ಯಾರೂ ಹೇಳಿರಲಿಲ್ಲ, ತರುವುದಿಲ್ಲ ಎಂದು ಅವರೂ ಹೇಳಿರಲಿಲ್ಲ. ರೋಜಾ ತಿಂಗಳಲ್ಲಿ ಕೂಡ ನನ್ನೆದುರು ಬಂದು ಕೂರುತ್ತಿದ್ದರು. ಅವರು ನೀರು ಸುದ್ದ ಮುಟ್ಟದೆ ಕೂತಿರುವಾಗ ನಾನು ಡಬ್ಬಿ ತೆರೆಯಲು ಹಿಂದೆಮುಂದೆ ನೋಡುತ್ತಿದ್ದೆ.

"ಏ, ಸುಮ್ನ ಉಣ್ಣು. ನೀ ಬಾಯಿಗೆ ಕೆಲಸಾ ಕೊಡು, ನಾ ನನ್ನ ಬಾಯಿಗೆ ಬ್ಯಾರೆ ಕೆಲಸಾ ಕೊಡ್ತೇನಿ," ಎಂದು ಕಥೆ ಸುರು ಮಾಡುತ್ತಿದ್ದರು.

ಅವರ ಕಥೆಗಳೆಲ್ಲ ತಮ್ಮೂರಿನವು. ಹೊಳೆಯ ಕಥೆ, ಅಂಬಿಗರ ಕಥೆ, ಸೋದರತ್ತೆಯ ಮದುವೆಯಲ್ಲಿ ಉಪ್ಪು ಹೆಚ್ಚಾದ ಕಥೆ. ನೆಟ್ಟಗೆ ಹೇಳಿದರೆ ಚಹಾ ಆರುವುದರೊಳಗೆ ಮುಗಿಯುವಂಥದನ್ನು ಮಾಮಾ ಒಂದು ವಾರ ಎಳೆಯುತ್ತಿದ್ದರು. ಕಥೆಯಲ್ಲಿ ಯಾರಾದರೂ ಮನೆಗೆ ಬಂದರೆ ಅವರು ಕಾಲು ತೊಳೆಯಬೇಕು, ನೀರು ಕುಡಿಯಬೇಕು, ಮನೆಯವರೆಲ್ಲರ ಆರೋಗ್ಯ ವಿಚಾರಿಸಬೇಕು. ಆಮೇಲೆ ಬಂದ ಕಾರಣ. ನನಗೆ ಸಿಟ್ಟು ಬರುತ್ತಿತ್ತು. ಲಗೂನ ಹೇಳ್ರಿ ಎಂದರೆ, "ಗಾಡಿ ಹೊಂಟೈತೇನು?" ಎಂದು ಇನ್ನೂ ಮೆಲ್ಲಗೆ ಹೇಳುತ್ತಿದ್ದರು. ಕಥೆ ಸರಿಯಾಗಿ ಬಿಗಿಯಾದ ಹೊತ್ತಿಗೆ ಡಬ್ಬಿ ಮುಚ್ಚಿ, ಮುಂದಿಂದು ನಾಳೆ ಎಂದು ಎದ್ದುಬಿಡುವುದು ಅವರ ಚಟ. ಮರುದಿನ ಒಂದು ಗಂಟೆಯ ತನಕ ನಾನು ಒಳಗೊಳಗೇ ಕಾಯುತ್ತಿದ್ದೆ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ಆ ಕೆಟ್ಟ ಪೈಪಿನ ಗುಡ್ಡೆಯ ಮಾತು. ನಮ್ಮ ಮಷೀನಿನ ಒಂದು ತುದಿಗೆ ಪ್ಲಾಸ್ಟಿಕ್ಕಿನ ಕಾಳು ಸುರಿಯುತ್ತೇವೆ. ಅದು ಕಾದ ಕೊಳವೆಯೊಳಗೆ ಕರಗಿ, ಪೈಪಾಗಿ ಹೊರಬಂದು, ನೀರಿನ ತೊಟ್ಟಿಯಲ್ಲಿ ತಣಿದು, ಇನ್ನೊಂದು ತುದಿಯಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ನಡೆಯುತ್ತಿದ್ದರೆ ಬಂಗಾರ. ನಿಲ್ಲಿಸಿದರೆ ಒಳಗಿನ ಮಾಲು ನಿಂತಲ್ಲೇ ಸುಡುತ್ತದೆ. ಮತ್ತೆ ಚಾಲೂ ಮಾಡಿದಾಗ ಬಹಳ ಹೊತ್ತು ಬರುವ ಪೈಪು ಒಂದು ಕಡೆ ದಪ್ಪ, ಒಂದು ಕಡೆ ತೆಳು, ಮೈತುಂಬ ಗಂಟು. ಅದನ್ನೆಲ್ಲ ಕತ್ತರಿಸಿ ಹಿಂದಕ್ಕೆ ಒಗೆಯುವುದು. ನಾವು ದಿನಾ ಊಟಕ್ಕೆ ಮಷೀನು ನಿಲ್ಲಿಸುತ್ತಿದ್ದೆವು, ಆದ್ದರಿಂದ ಗುಡ್ಡೆ ದಿನಾ ಬೆಳೆಯುತ್ತಿತ್ತು. ಊಟ ಎಂದ ಮೇಲೆ ಮಷೀನು ನಿಲ್ಲಬೇಕು ಎಂದೇ ನಾವೆಲ್ಲ ತಿಳಿದಿದ್ದೆವು.

ಆಮೇಲೆ ಮಹಾರಾಷ್ಟ್ರದ ಕಡೆಯಿಂದ ಅಗ್ಗದ ಪೈಪು ಬರತೊಡಗಿತು. ಸಿಂದಗಿಯ ಅಂಗಡಿಯವರು ನಮ್ಮ ಮಾಲನ್ನು ಕೈಯಲ್ಲಿ ಹಿಡಿದು ನೋಡಿ ವಾಪಸು ಇಡತೊಡಗಿದರು. ಮಾಲಕರು ಒಂದು ದಿನ ನಮ್ಮನ್ನೆಲ್ಲ ಕೂಡಿಸಿ ಮುಚ್ಚುಮರೆಯಿಲ್ಲದೆ ಹೇಳಿದರು: ಖರ್ಚು ಇಳಿಯದಿದ್ದರೆ ಬಾಗಿಲು ಹಾಕುವುದೇ ಸೈ. ಹುಬ್ಬಳ್ಳಿಯಿಂದ ಒಬ್ಬ ಇಂಜಿನಿಯರ್ ಹೆಣ್ಣುಮಗಳನ್ನು ಕರೆಸಿದರು, ಎಲ್ಲಿ ಪೋಲಾಗುತ್ತಿದೆ ಎಂದು ಹುಡುಕಲಿಕ್ಕೆ. ಶಾಣ್ಯಾ ಹುಡುಗಿ. ನಮ್ಮೊಡನೆ ಬಿಸಿಲಲ್ಲಿ ನಿಂತಳು, ಕೈ ಕರಿ ಮಾಡಿಕೊಂಡಳು. ಮಷೀನಿಗೆ ಒತ್ತಡದ ಗಾಳಿ ಒಯ್ಯುವ ನಳಿಗೆಗಳಿಗೆ ಸೋಪಿನ ನೀರು ಹಚ್ಚಿ ಎಲ್ಲೆಲ್ಲಿ ಸೋರುತ್ತದೆ ಎಂದು ತೋರಿಸಿದಳು. ಪೈಪಿನ ತುಂಡು ಕತ್ತರಿಸಿ ತೂಗಿ, ಬೇಕಾದದ್ದಕ್ಕಿಂತ ದಪ್ಪ ಮಾಡಿ ಎಷ್ಟು ಮಾಲು ಸುಮ್ಮನೆ ಕೊಟ್ಟುಬಿಡುತ್ತಿದ್ದೇವೆ ಎಂದು ಹೇಳಿಕೊಟ್ಟಳು. ನನಗೆ ಅದರ ಹುಚ್ಚೇ ಹಿಡಿಯಿತು. ಮನೆಗೆ ಹೋಗಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೈಗೆ ಸಮೀಪವಾಗುವಂತೆ ಜೋಡಿಸಲು ಹೋದೆ.

"ಇದು ಫ್ಯಾಕ್ಟರಿ ಅಲ್ಲರಿ, ಮನಿ. ಮದಲ ಹೊರಗ ನಡೀರಿ," ಎಂದಳು ಹೆಂಡತಿ.

ಕೊನೆಗೆ ಆ ಇಂಜಿನಿಯರ್ ಬೇವಿನ ಗಿಡದ ಕೆಳಗೇ ಬಂದು ಕೂತು, ಊಟಕ್ಕೆ ಮಷೀನು ನಿಲ್ಲಿಸಲೇಬೇಕೇ ಎಂದು ಕೇಳಿದಳು. ಹೀಗೇ ಮಾಡಿ ಎಂದು ಹೇಳಲಿಲ್ಲ, ನೀವೇ ವಿಚಾರ ಮಾಡಿ ಎಂದಳು. ಉಪಾಯ ಹೊಳೆದದ್ದು ಮಾಮಾನಿಗೆ.

"ಅದರಾಗೇನೈತ್ರಿ ಮೇಡಂ? ನಾ ಉಣ್ಣೂ ಮುಂದ ಅಳಿಯ ಮಷೀನ್ ನೋಡ್ತಾನ. ಅಂವ ಉಣ್ಣೂ ಮುಂದ ನಾ ನೋಡ್ತೇನಿ. ನಿಲ್ಲಸೂದ ಬ್ಯಾಡ."

ನಾನು ತೊಡೆ ತಟ್ಟಿ ಭಲೇ ಮಾಮಾ ಎಂದೆ. ಎಲ್ಲರೂ ನಕ್ಕರು, ಮಾಲಕರು ಚಹಾ ತರಿಸಿದರು. ಆ ಮಾತಿನ ಅರ್ಥ ನಾವಿಬ್ಬರೂ ಇನ್ನು ಮುಂದೆ ಒಟ್ಟಿಗೆ ಉಣ್ಣುವುದಿಲ್ಲ ಎಂದು ಅಲ್ಲಿ ಕೂತಿದ್ದ ಯಾರಿಗೂ ಹೊಳೆಯಲಿಲ್ಲ. ನಮಗಂತೂ ಹೊಳೆಯಲಿಲ್ಲ.

ಅವತ್ತು ಮಾಮಾ ಎಮ್ಮೆಯ ಕಥೆಯ ನಡುವೆ ಇದ್ದರು. ಅವರ ಅಪ್ಪ ಮುದ್ದೇಬಿಹಾಳದ ಸಂತೆಯಲ್ಲಿ ಎಮ್ಮೆ ಕೊಂಡು ಊರಿಗೆ ಹೊಡೆದುಕೊಂಡು ಬರುತ್ತಿದ್ದಾರೆ. ಎಮ್ಮೆ ಹಗ್ಗ ಕಿತ್ತುಕೊಂಡು ಹೊಳೆಗೆ ಇಳಿದು ಆಚೆ ದಂಡೆಗೆ ಈಸಿಬಿಟ್ಟಿದೆ. ಅಪ್ಪ, ಇನ್ನೂ ಹುಡುಗರಾಗಿದ್ದ ಮಾಮಾ ಇಬ್ಬರೂ ಹರಗೋಲು ಹತ್ತಿ ಹುಡುಕಿಕೊಂಡು ಹೋದರೆ, ಆಚೆ ಊರಿನಲ್ಲಿ ಒಬ್ಬಂಟಿ ಮುದುಕಿ ಅದನ್ನು ತನ್ನ ಕೊಟ್ಟಿಗೆಯಲ್ಲಿ ಕಟ್ಟಿದ್ದಾಳೆ. ಇದು ಹೋದ ವರ್ಷ ಕಳೆದ ತನ್ನ ಎಮ್ಮೆಯೇ, ತಾನಾಗಿ ಮನೆಗೆ ಬಂದಿದೆ ಎನ್ನುತ್ತಿದ್ದಾಳೆ.

"ಆ ಮುದುಕಿ ಎಮ್ಮೀ ಕೊರಳಿಗೆ ಕೈ ಹಾಕಿ ನಿಂತಿದ್ಲು ನೋಡು ಅಳಿಯಾ. ನಮ್ಮಪ್ಪ ಹಗ್ಗಾ ಹಿಡಕೊಂಡು ಬಾಗಲದಾಗ ನಿಂತಾನ. ಎಮ್ಮಿ ಅಕಿ ಕೈ ನೆಕ್ಕಾಕತ್ತೈತಿ..."

"ಮುಂದ?"

"ಮುಂದಿಂದು ನಾಳೆ."

ಆ ನಾಳೆಯಿಂದ ಸರದಿ ಸುರುವಾಯಿತು. ಮಾಮಾ ಉಣ್ಣಲು ಹೋದಾಗ ನಾನು ಮಷೀನಿನ ಮುಂದೆ, ಅವರು ಕೈ ತೊಳೆದು ಬಂದ ಮೇಲೆ ನಾನು ಗಿಡದ ಕೆಳಗೆ. ದಾಟಿ ಹೋಗುವಾಗ ಎಮ್ಮೆ ಏನಾಯಿತು ಎಂದು ಕೇಳಿದರೆ, ಹಿಂಗ ನಿಂತು ಹೇಳೂ ಕಥಿ ಅಲ್ಲ ಅದು, ಕುಂತು ಹೇಳತೇನಿ ಎಂದು ನಗುತ್ತಿದ್ದರು. ಕೂರುವ ದಿನ ಬರಲಿಲ್ಲ. ನಮ್ಮ ಪೈಪು ಮತ್ತೆ ಸಿಂದಗಿಯ ಅಂಗಡಿಗಳಿಗೆ ಏರಿತು. ಗುಡ್ಡೆ ಕರಗಿ, ನಾಯಿಗಳು ಬೇರೆ ಜಾಗ ನೋಡಿಕೊಂಡವು. ಮಾಲಕರು ಆ ಜಾಗದಲ್ಲೇ ಎರಡನೆಯ ಮಷೀನು ಹಾಕಿದರು, ಇನ್ನಷ್ಟು ಜನರಿಗೆ ಕೆಲಸ ಸಿಕ್ಕಿತು, ಪಗಾರ ಏರಿತು. ಮಷೀನುಗಳು ಹಗಲೂ ರಾತ್ರಿ ನಡೆಯುವಂತಾದಾಗ ಒಬ್ಬೊಬ್ಬ ಅನುಭವಸ್ಥರು ಒಂದೊಂದು ಪಾಳಿಯಲ್ಲಿರಲಿ ಎಂದು ನಮ್ಮನ್ನು ಬೇರೆ ಬೇರೆ ಪಾಳಿಗೆ ಹಾಕಿದರು. ವಾರದ ರಜೆಯೂ ಬೇರೆಯಾಯಿತು. ಒಂದೊಂದೂ ಸರಿಯಾದ ನಿರ್ಧಾರವೇ. ಮಾಲಕರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಹೀಗೆ ನಾವು ಸಿಗುತ್ತಿದ್ದದ್ದು ಪಾಳಿ ಬದಲಾಗುವಾಗ ಮಾತ್ರ. ಒಬ್ಬರು ಕೈ ಒರೆಸಿಕೊಳ್ಳುತ್ತ ಹೊರಡುವವರು, ಇನ್ನೊಬ್ಬರು ಅಂಗಿಯ ತೋಳು ಮಡಚುತ್ತ ಬರುವವರು. ಬಿಸಿ ಎಷ್ಟಿದೆ, ಯಾವ ಮಾಲು ನಡೆದಿದೆ, ತೊಟ್ಟಿಯ ನೀರು ಬದಲಿಸಿದ್ದಾರೋ ಇಲ್ಲವೋ. ಮಾತು ಅಷ್ಟರಲ್ಲೇ ಮುಗಿಯುತ್ತಿತ್ತು. ರಂಜಾನ್ ಹಬ್ಬಕ್ಕೆ ಅವರ ಮನೆಗೆ ಹೋಗಿ ಹಾಲು-ಶಾವಿಗೆಯ ಸುರಕುಂಬಾ ಕುಡಿದು ಬರುತ್ತಿದ್ದೆ. ಆದರೆ ಹಬ್ಬದ ಮನೆ ತುಂಬ ಜನ, ಅಲ್ಲಿ ಎಮ್ಮೆಯ ಮಾತು ತೆಗೆಯುವುದು ಹೇಗೆ?

ಪಾಳಿ ಬೇರೆಯಾಗುವ ಮುಂಚೆ, ಸರದಿ ನಡೆದಿದ್ದ ದಿನಗಳಲ್ಲಿ, ಮಾಮಾನ ಪಾಲಿನ ಎರಡು ರೊಟ್ಟಿಯನ್ನು ನನ್ನ ಹೆಂಡತಿ ಎಷ್ಟೋ ದಿನ ಕಟ್ಟುತ್ತಲೇ ಇದ್ದಳು. ಅವು ಹಾಗೇ ಮನೆಗೆ ವಾಪಸು ಬರುತ್ತಿದ್ದವು. ಒಂದು ದಿನ ಡಬ್ಬಿ ತೆರೆದರೆ ಎರಡು ರೊಟ್ಟಿ ಕಡಿಮೆ ಇದ್ದವು. ಅದೇ ಸುಮಾರಿಗೆ ಮಾಮಾ ಊಟಕ್ಕೆ ಕೂತಿದ್ದಾಗ ಒಂದು ಬೀಗದ ಕೈ ಇಸಿದುಕೊಳ್ಳಲು ಗಿಡದ ಹತ್ತಿರ ಹೋದೆ. ಅವರ ಡಬ್ಬಿಯಲ್ಲಿ ಮಾಂಸದ ಸಾರು ಇತ್ತು. ಅವರು ಕಸಿವಿಸಿಗೊಂಡು ಮುಚ್ಚಳ ಅಡ್ಡ ಹಿಡಿದರು.

"ಈಗ ಒಬ್ಬಾಂವನ ಉಣತೇನೆಲ್ಲಾ, ಅದಕ್ಕ..." ಎಂದರು.

ಸರಿ ಬಿಡ್ರಿ ಮಾಮಾ, ಉಣ್ಣರಿ ಎಂದು ಬೀಗದ ಕೈ ಇಸಿದುಕೊಂಡು ಬಂದೆ. ಅವರು ತಮ್ಮಿಷ್ಟದ್ದು ಉಂಡದ್ದಕ್ಕೆ ನನಗೇನು ಬೇಸರ? ಬೇಸರ ಆಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅವತ್ತು ಇಡೀ ದಿನ ಯಾರಾದರೂ ಮಾತಾಡಿಸಿದರೆ ಸಿಡಿಸಿಡಿ ಎನ್ನುತ್ತಿದ್ದೆ. ಇಷ್ಟು ವರ್ಷ ಅವರು ನನಗಾಗಿ ಏನೋ ಬಿಟ್ಟಿದ್ದರು ಎಂದು ತಿಳಿದದ್ದೇ, ಅದನ್ನು ಬಿಡುವ ಅಗತ್ಯ ಮುಗಿದ ಮೇಲೆ.

ಈ ವರ್ಷ ಮಾಮಾ ಕೆಲಸ ಬಿಟ್ಟು ಊರಿಗೆ ಹೊರಟರು. ಕಣ್ಣು ಮಂಜಾಗುತ್ತಿದೆ, ಹೊಳೆಯ ದಂಡೆಯಲ್ಲಿ ಇರುತ್ತೇನೆ ಎಂದರು. ಕಡೆಯ ದಿನಕ್ಕೆ ಏನು ಬೇಕು ಎಂದು ಮಾಲಕರು ಮುಂಚಿತವಾಗಿ ಕೇಳಿದಾಗ, ಅವರಿಗಿಂತ ಮೊದಲು ನಾನೇ ಬಾಯಿ ಹಾಕಿದೆ. ನಮ್ಮಿಬ್ಬರನ್ನೂ ಒಂದೇ ಪಾಳಿಗೆ ಹಾಕಿ ಒಂದು ಗಂಟೆಗೆ ಒಟ್ಟಿಗೆ ಊಟಕ್ಕೆ ಬಿಡ್ರಿ, ಅವತ್ತೊಂದು ದಿನ ಸರದಿ ಬ್ಯಾಡ ಎಂದೆ. ಈಗೇನು, ಮಷೀನು ಬಲ್ಲ ಹುಡುಗರು ಬೇಕಾದಷ್ಟು ಇದ್ದಾರೆ. ಮಾಲಕರು ನಕ್ಕು, ಎಷ್ಟ ಹೊತ್ತು ಬೇಕಾದ್ರೂ ಕುಂದರ್ರಿ ಎಂದರು.

ಹೆಂಡತಿಗೆ ಮೊದಲೇ ಹೇಳಿದ್ದೆ. ರೊಟ್ಟಿ, ಶೇಂಗಾ ಚಟ್ನಿ, ಬದನೆಯ ತುಂಬುಗಾಯಿ, ಮೇಲೆ ಸಿಹಿಗೆ ಮಾದಲಿ ಕಟ್ಟಿದ್ದಳು. ಮಾಮಾನ ಡಬ್ಬಿ ತೆರೆದರೆ ಪುಂಡಿಪಲ್ಯ. ಅದನ್ನು ನೋಡಿ ನನ್ನ ಕಣ್ಣು ತುಂಬಿತು. ಅವರಿಗೆ ಕಾಣದಿರಲಿ ಎಂದು ಬಗ್ಗಿ ನೀರಿನ ಬಾಟಲಿ ಹುಡುಕಿದೆ. ತಲೆ ಎತ್ತಿ ನೋಡುವಷ್ಟರಲ್ಲಿ ಮಾಮಾ ಊಟ ಸುರು ಮಾಡಿದ್ದರು. ಅವರು ಹಾಗೆ ಉಣ್ಣುವುದನ್ನು ನಾನು ಮೊದಲು ಕಂಡಿರಲಿಲ್ಲ. ರೊಟ್ಟಿಯನ್ನು ದೊಡ್ಡ ದೊಡ್ಡ ತುಂಡಾಗಿ ಮುರಿದು, ಸರಿಯಾಗಿ ಅಗಿಯದೆ ನುಂಗುತ್ತಿದ್ದರು. ಅಲ್ಲಿ ಯಾರೋ ತಮ್ಮ ಸರದಿಗೆ ಕಾಯುತ್ತಿದ್ದಾರೆ ಎಂಬಂತೆ ಮುಖ ಮಷೀನಿನ ಶೆಡ್ಡಿನ ಕಡೆಗಿತ್ತು. ನನ್ನ ಕೈಯೂ ಅಷ್ಟೇ ಬಿರುಸಾಗಿ ನಡೆದಿದೆ ಎನ್ನುವುದು ಆಮೇಲೆ ಗೊತ್ತಾಯಿತು.

"ಮಾಮಾ, ಸಾವಕಾಶ ಉಣ್ಣರಿ. ಇವತ್ತ ಆ ಎಮ್ಮೀ ಕಥಿ ಮುಗಸಬೇಕು ನೀವು," ಎಂದೆ.

"ಯಾವ ಎಮ್ಮಿ?"

"ಹೊಳಿ ದಾಟಿ ಹೋತಲ್ರಿ. ಮುದುಕಿ ಕೊರಳಿಗೆ ಕೈ ಹಾಕಿ ನಿಂತಿದ್ಲು. ನಿಮ್ಮಪ್ಪ ಹಗ್ಗಾ ಹಿಡಕೊಂಡು ಬಾಗಲದಾಗ..."

ಮಾಮಾ ಇನ್ನೊಂದು ತುಂಡು ರೊಟ್ಟಿ ಮುರಿದರು.

"ಹಾಂ, ಅದಾ? ಮುದುಕಿಗೇ ಬಿಟ್ಟು ಬಂದ್ವಿ."

ನಾನು ತುತ್ತು ಕೈಯಲ್ಲಿ ಹಿಡಿದು ಕಾದೆ. ಅಪ್ಪ ಬಾಗಿಲಲ್ಲೇ ಏನೆಂದರು, ಮುದುಕಿ ಒಳಗೆ ಕರೆದು ನೀರು ಕೊಟ್ಟಳೇ, ಹಗ್ಗವನ್ನು ಅಲ್ಲೇ ಬಿಟ್ಟರೇ, ಬರಿಗೈಯಲ್ಲಿ ಹರಗೋಲು ಹತ್ತಿದಾಗ ತಂದೆ ಮಗ ಏನು ಮಾತಾಡಿದರು. ಒಂದು ವಾರದ ಕಥೆ ಅದು. ಮಾಮಾ ಡಬ್ಬಿಯ ಮೂಲೆಯಲ್ಲಿದ್ದ ಪಲ್ಯವನ್ನು ಬಳಿದು ಬಾಯಿಗೆ ಹಾಕಿಕೊಂಡರು.

"ಮುಂದ?" ಎಂದೆ.

"ಮುಂದೇನು? ಬಿಟ್ಟು ಬಂದ್ವಿ, ಅಷ್ಟ." ಶೆಡ್ಡಿನ ಕಡೆ ಕಿವಿಗೊಟ್ಟು ಹುಬ್ಬು ಗಂಟಿಕ್ಕಿದರು. "ಎರಡನೇ ಮಷೀನಿನ ದನಿ ಬ್ಯಾರೆ ಆಗೇತಿ ನೋಡು ಅಳಿಯಾ. ಹುಡುಗ್ರು ಬಿಸಿ ಜಾಸ್ತಿ ಇಟ್ಟಾರ."

ಕಿವಿಗೊಟ್ಟೆ. ಅವರ ಮಾತು ನಿಜವಿತ್ತು. ಇಬ್ಬರೂ ಡಬ್ಬಿ ಮುಚ್ಚಿ ಎದ್ದೆವು. ಗೇಟಿನ ಮೇಲಿನ ಗಡಿಯಾರದಲ್ಲಿ ಇನ್ನೂ ಒಂದೂಕಾಲು ಆಗಿರಲಿಲ್ಲ.