ಒಂದೇ ಮುಳ್ಳಿನ ಗಡಿಯಾರ

ಯಾರಾದರೂ ವಿಚಿತ್ರವಾದದ್ದೇನೋ ಕಂಡೆನೆಂದು ಹೇಳಿದರೆ ‘ಆಗ ಕನ್ನಡಕ ಹಾಕಿದ್ದಿರಾ?’ ಎಂದು ಕೇಳುವವಳು ನಾನು. ಗ್ಯಾಸ್ ಸಿಲಿಂಡರ್ ಯಾವ ದಿನ ಬಂತು, ಯಾರ ರವಿಕೆಯ ತೋಳು ಎಷ್ಟು ಇಂಚು, ಮಳೆ ಯಾವಾಗ ಹಿಡಿಯಿತು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ನನ್ನದು. ಕಣ್ಣಾರೆ ನೋಡಿ ಬರೆದದ್ದು ಸುಳ್ಳಾಗುವುದಿಲ್ಲ ಎಂದು ನಂಬಿದ್ದೆ. ಎರಡು ವರ್ಷದ ಹಿಂದಿನ ಮಳೆಗಾಲದ ನಂತರ ಹಾಗೆ ಹೇಳಲು ಧೈರ್ಯವಿಲ್ಲ.

ಮಣ್ಣಗುಡ್ಡದ ನಮ್ಮ ಮನೆಯಲ್ಲೇ ನಾನು ಹೊಲಿಗೆ ಮಾಡುತ್ತೇನೆ. ಕತ್ತರಿಸುವಾಗ ಬಟ್ಟೆ ಜಾರದಂತೆ ಮೇಲೆ ಏನಾದರೂ ಭಾರ ಇಡಬೇಕು. ಅದಕ್ಕೆಂದು ಬಂದರಿನ ಗುಜರಿ ಅಂಗಡಿಯಿಂದ ಒಂದು ಡಬ್ಬಿ ಕಬ್ಬಿಣದ ಸಾಮಾನು ತಂದೆ. ಯಾವುದೋ ಮುಚ್ಚಿಹೋದ ವರ್ಕ್‌ಶಾಪಿನದ್ದಂತೆ. ಯಾವುದು ಯಾವುದಕ್ಕೆಂದು ಅಂಗಡಿಯವನಿಗೂ ಗೊತ್ತಿರಲಿಲ್ಲ. ನಡುವೆ ಕಾಲುವೆಯಂತೆ ಕೊರೆದ ಎರಡು ದಪ್ಪ ತುಂಡುಗಳು ಬಟ್ಟೆಯ ಮೇಲಿಡಲು ಹೇಳಿ ಮಾಡಿಸಿದಂತಿದ್ದವು. ಎರಡು ತಿರುಪುಗಳ ಒಂದು ಸಣ್ಣ ಕ್ಲ್ಯಾಂಪ್ ಇತ್ತು. ಇನ್ನೊಂದು ಒಂದೇ ಮುಳ್ಳಿನ ಗಡಿಯಾರ. ಸುತ್ತ ನೂರು ಗೆರೆ, ಕೆಳಗೊಂದು ತೆಳ್ಳಗಿನ ಕಡ್ಡಿ.

ಅದರ ಫೋಟೋ ತೆಗೆದು ಉಳ್ಳಾಲದ ಹಮೀದಾಕನಿಗೆ ಕಳಿಸಿದೆ. ಅವರು ಕಬ್ಬಿಣ ಕಡೆಯುವ ಲೇತ್ ಮೆಷಿನಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಅವರ ಹೆಣ್ಣುಮಕ್ಕಳ ಬಟ್ಟೆ ಹೊಲಿಯುವವಳು ನಾನು. ಕೂಡಲೇ ಫೋನ್ ಮಾಡಿದರು.

“ಗಡಿಯಾರ ಅಲ್ಲ ಟೈಲರಕ್ಕ, ಡಯಲ್ ಗೇಜ್. ಲೇತಿನಲ್ಲಿ ತಿರುಗುವ ಕಬ್ಬಿಣ ನೇರ ಉಂಟಾ ಅಂತ ನೋಡ್ಲಿಕ್ಕೆ. ಕೂದಲಿನಷ್ಟು ಅಲುಗಿದ್ರೂ ಮುಳ್ಳು ಓಡ್ತದೆ.”

ನನಗೆ ತಕ್ಷಣ ನೆನಪಾದದ್ದು ನಡುಕೋಣೆಯ ಗೋಡೆ. ಪಕ್ಕದ ಜಾಗದಲ್ಲಿ ಫ್ಲ್ಯಾಟ್ ಕಟ್ಟಲು ಆಳಕ್ಕೆ ಅಗೆಯುತ್ತಿದ್ದರು. ನಮ್ಮ ಕಿಟಕಿಯ ಪಕ್ಕದಿಂದ ಕೆಳಗೆ ಒಂದು ಬಿರುಕು ಇಳಿದಿತ್ತು. ಅದೇ ಕಿಟಕಿಯ ಕೆಳಗೆ ನನ್ನ ಗಂಡನ ಅಕ್ಕ ವಾರಿಜಕ್ಕನ ಮಂಚ. ಮೊಣಕಾಲು ನೋವಿನವರು, ಇಡೀ ದಿನ ಗೋಡೆಗೆ ಒರಗಿ ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುವುದೇ ಅವರ ಲೋಕ. ಮಂಚ ಒಳಗೆ ಹಾಕೋಣವೆಂದರೆ, “ನನ್ನನ್ನು ಕತ್ತಲೆಗೆ ದೂಡ್ಲಿಕ್ಕೆ ನಿನಗೊಂದು ನೆಪ ಬೇಕು” ಎನ್ನುತ್ತಿದ್ದರು. ಬಿರುಕು ಹೋದ ವರ್ಷವೂ ಅಷ್ಟೇ ಇತ್ತೆಂದು ನನ್ನ ಗಂಡನ ವಾದ. ಹೌದೋ ಅಲ್ಲವೋ ಗೇಜೇ ಹೇಳಲಿ ಎಂದುಕೊಂಡೆ.

ಹಮೀದಾಕ ಫೋನಿನಲ್ಲಿ ಹೇಳಿದ ಹಾಗೆ ಅದನ್ನು ಕ್ಲ್ಯಾಂಪಿನಿಂದ ಕಿಟಕಿಯ ಸರಳಿಗೆ ಬಿಗಿದು, ಕಡ್ಡಿ ಬಿರುಕಿನ ಆಚೆ ಬದಿಯ ಗೋಡೆಗೆ ತಾಗುವಂತೆ ನಿಲ್ಲಿಸಿದೆ. ಸುತ್ತಲಿನ ಬಳೆ ತಿರುಗಿಸಿ ಸೊನ್ನೆಯನ್ನು ಮುಳ್ಳಿನ ನೇರಕ್ಕೆ ತಂದೆ. ಮರುದಿನದಿಂದ ಬೆಳಿಗ್ಗೆ ಹಾಲು ಒಲೆಗಿಟ್ಟು, ಕನ್ನಡಕ ಹಾಕಿ, ನೋಡಿ ಬರೆಯತೊಡಗಿದೆ.

“ಎಂತ ಮಾರಾಯ್ತಿ, ಗೋಡೆಗೂ ಬಿಪಿ ಉಂಟಾ?” ಎಂದು ವಾರಿಜಕ್ಕ ನಗುತ್ತಿದ್ದರು.

ಮೊದಲ ವಾರ ಎರಡು, ಮೂರು, ಮೂರು. ಮಳೆ ಜೋರಾದ ಮೇಲೆ ಏಳು, ಒಂಬತ್ತು. ತಿಂಗಳು ಕಳೆದಾಗ ಹತ್ತೊಂಬತ್ತು. ನೋಟ್‌ಬುಕ್ ಈಗಲೂ ಇದೆ.

ಆ ಗುರುವಾರ ಬೆಳಿಗ್ಗೆ ಮುಳ್ಳು ನಲವತ್ತಾರರಲ್ಲಿತ್ತು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ನೋಡುತ್ತಿರುವಾಗಲೇ ನಲವತ್ತೇಳಾಯಿತು, ನಲವತ್ತೆಂಟಾಯಿತು. ಗೋಡೆ ಮಾತ್ರ ನಿನ್ನೆ ಇದ್ದ ಹಾಗೆಯೇ ಇತ್ತು.

“ಅಕ್ಕ, ಏಳಿ.”

“ಚಾ ಒಂದು ಕುಡೀತೇನೆ.”

“ಲೋಟ ಹಿಡ್ಕೊಂಡೇ ಏಳಿ.”

ಬೈಸಿಕೊಳ್ಳುತ್ತಲೇ ಅವರ ತೋಳು ಹಿಡಿದು ಎದುರು ಮನೆಯ ಜಗಲಿಗೆ ಕರೆದುಕೊಂಡು ಹೋದೆ. ಗಂಡನನ್ನೂ ಹೊರಗೆ ಕರೆದೆ. ಕಾಲು ಗಂಟೆ ಕಳೆದಿರಬಹುದು, ಕಿಟಕಿ ಸಹಿತ ಗೋಡೆ ಮಂಚದ ಮೇಲೆ ಕುಸಿಯಿತು. ವಾರಿಜಕ್ಕ ಖಾಲಿ ಲೋಟವನ್ನು ಜಗಲಿಯ ಮೇಲಿಟ್ಟರು. ಆಮೇಲೆ, “ದಿಂಬಿಗೆ ನಿನ್ನೆ ಹೊಸ ಕವರ್ ಹಾಕಿದ್ದೆ” ಎಂದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನಿದನ್ನು ಬರೆಯುತ್ತಲೇ ಇರಲಿಲ್ಲ. ನಾಲ್ಕನೆಯ ದಿನ ಹಮೀದಾಕ ನೋಡಲು ಬಂದರು. ಕೆಂಪುಕಲ್ಲಿನ ರಾಶಿಯಲ್ಲಿ ಗೇಜ್ ಸಿಕ್ಕಿತ್ತು, ಗಾಜು ಕೂಡ ಒಡೆದಿರಲಿಲ್ಲ. ಅವರು ಹೆಬ್ಬೆರಳಿನಿಂದ ಕಡ್ಡಿ ಒತ್ತಿದರು. ಅದು ಜಗ್ಗಲಿಲ್ಲ. ನನ್ನ ಮೆಷಿನಿನ ಸ್ಕ್ರೂಡ್ರೈವರ್ ಕೇಳಿ ಹಿಂಬದಿಯ ಮುಚ್ಚಳ ತೆಗೆದರು. ಒಳಗಿನ ಹಲ್ಲುಚಕ್ರಗಳೆಲ್ಲ ತುಕ್ಕು ಹಿಡಿದು ಒಂದೇ ಉಂಡೆಯಾಗಿದ್ದವು. ಸ್ಪ್ರಿಂಗ್ ಇರಬೇಕಾದಲ್ಲಿ ಕಂದು ಹುಡಿ.

“ಇದು ನಾಲ್ಕು ದಿನದ ಮಳೆಯ ತುಕ್ಕಲ್ಲ ಟೈಲರಕ್ಕ. ಇದು ಸತ್ತು ಎಷ್ಟು ವರ್ಷ ಆಯ್ತೋ. ಕಟ್ಟುವ ಮೊದಲು ಒಮ್ಮೆ ಒತ್ತಿ ನೋಡಿ ಅಂತ ನಾನು ಹೇಳ್ಬೇಕಿತ್ತು. ಬಿಟ್ಟುಹೋಯ್ತು.”

ಮುಳ್ಳು ಸರಿಯಾಗಿ ಸೊನ್ನೆಯ ನೇರಕ್ಕಿತ್ತು, ನಾನು ಮೊದಲ ದಿನ ಇಟ್ಟಲ್ಲಿಯೇ. ನೋಟ್‌ಬುಕ್ ತಂದು ಕೊಟ್ಟೆ. ಅವರು ಪುಟ ಪುಟವಾಗಿ ಬೆರಳಿಟ್ಟು ಓದಿದರು.

“ಗೋಡೆ ಬೀಳುವ ಮೊದಲು ಲೆಕ್ಕ ಹೀಗೆಯೇ ಬರ್ಬೇಕು,” ಎಂದರು. “ಆದ್ರೆ ಈ ಗೇಜಿನಿಂದ ಬರ್ಲಿಕ್ಕೆ ಸಾಧ್ಯ ಇಲ್ಲ.”

ಹೆದರಿಕೆಯಲ್ಲಿ ನಾನೇ ಕಲ್ಪಿಸಿಕೊಂಡೆನೇ? ಇರಬಹುದು. ಆದರೆ ಮೂರರ ಮೇಲೆ ಮತ್ತೆ ಮೂರು ಎಂದು ಬರೆದ ದಿನ ನನಗೆ ಯಾವ ಹೆದರಿಕೆಯೂ ಇರಲಿಲ್ಲ. ನೀವು ಮುಳ್ಳು ನೋಡಿದ್ದಿರಾ ಎಂದು ವಾರಿಜಕ್ಕನನ್ನು ಕೇಳಿದೆ.

“ನಾನೆಲ್ಲಿ ನೋಡಿದೆ? ನಿನ್ನ ಮುಖ ನೋಡಿ ಎದ್ದದ್ದು.”

ಈಗ ಅಲ್ಲಿ ಹೊಸ ಗೋಡೆ, ಹೊಸ ಕಿಟಕಿ, ಅದೇ ಜಾಗದಲ್ಲಿ ಮಂಚ. ಹಮೀದಾಕ ಒಳ್ಳೆಯದೊಂದು ಗೇಜ್ ಕೊಡುತ್ತೇನೆಂದರು, ನಾನು ಬೇಡವೆಂದೆ. ಹಳೆಯದನ್ನೇ ಕಿಟಕಿಯ ಸರಳಿಗೆ ಬಿಗಿದಿದ್ದೇನೆ. ದಿನಾ ಬೆಳಿಗ್ಗೆ ಹಾಲು ಒಲೆಗಿಟ್ಟು, ಕನ್ನಡಕ ಹಾಕಿ ನೋಡುತ್ತೇನೆ.

“ಬಿಪಿ ಎಷ್ಟುಂಟು?” ವಾರಿಜಕ್ಕ ಕೇಳುತ್ತಾರೆ. ಈಗ ನಗುವುದಿಲ್ಲ.

“ಸೊನ್ನೆ.”

ಆ ಮುಳ್ಳು ಅಲುಗಲಾರದೆಂದು ನನಗೆ ಗೊತ್ತು, ಅವರಿಗೂ ಗೊತ್ತು. ಆದರೂ ನಾನು ಸೊನ್ನೆ ಎನ್ನುವವರೆಗೆ ಅವರು ಗೋಡೆಗೆ ಒರಗುವುದಿಲ್ಲ.