ಮಂಡಿಯ ಮೇಲಿಟ್ಟ ತಣ್ಣನೆಯ ಕೈ

ಅರಕಲಗೂಡಿನ ನಮ್ಮ ಡಾಕ್ಟರರ ಬಲಗೈ ಸದಾ ತಣ್ಣಗಿರುತ್ತಿತ್ತು. ರೋಗಿಯನ್ನು ಮುಟ್ಟುವ ಮೊದಲು ಅವರು ಮೂಲೆಯ ಮಣ್ಣಿನ ಹೂಜಿಯಿಂದ ಕೈಗೆ ನೀರು ಸುರಿದುಕೊಂಡು, ಒರೆಸಿ, ಬೆರಳುಗಳ ಹಿಂಭಾಗವನ್ನು ಮೈಗೆ ತಾಗಿಸುತ್ತಿದ್ದರು. ಬಿಸಿಯನ್ನು ಅರಿಯಬೇಕಾದ ಕೈ ತಾನೇ ಬಿಸಿಯಾಗಿರಬಾರದು ಎಂಬುದು ಅವರ ನಿಯಮ.

ತೊಂಬತ್ತರ ದಶಕದಲ್ಲಿ, ನಾನು ಹಾಸನದಲ್ಲಿ ಬಿ.ಎ. ಓದುತ್ತಿದ್ದಾಗ, ನನ್ನ ಎಡ ಮೊಣಕಾಲು ಊದಿಕೊಂಡಿತು. ಸೈಕಲ್ಲಿನಿಂದ ಬಿದ್ದದ್ದೇ ಕಾರಣವೆಂದು ಮನೆಯವರು ತಿಂಗಳುಗಟ್ಟಲೆ ಎಣ್ಣೆ ಹಾಕಿ ತಿಕ್ಕಿಸಿದರು. ಕಾಲು ಮಡಚಲಾಗದಂತಾದ ಮೇಲೆ ಅಪ್ಪ ನನ್ನನ್ನು ಈ ಡಾಕ್ಟರರಲ್ಲಿಗೆ ಕರೆದೊಯ್ದರು. ಡಾಕ್ಟರರು ಎರಡೂ ಮೊಣಕಾಲುಗಳ ಮೇಲೆ ಕೈಯಿಟ್ಟು ಹೋಲಿಸಿದರು. ಸೊರಗಿದ ಎಡತೊಡೆಯನ್ನು ನೋಡಿದರು. ಸಂಜೆ ಜ್ವರ ಬರುವುದೇ ಎಂದು ಕೇಳಿದರು. ಬರುತ್ತಿತ್ತು.

"ಟಿ.ಬಿ. ಇರಬೌದು," ಎಂದರು.

"ಕೆಮ್ಮೇ ಇಲ್ವಲ್ಲ ಸಾ," ಎಂದು ಅಪ್ಪ ವಾದಿಸಿದರು.

"ಮಂಡಿಗೆ ಕೆಮ್ಮಾಕ್ ಬರಾಕಿಲ್ಲ ಕಣಯ್ಯ. ಒಳಗಿನ ಪೊರೆ ಒಂಚೂರು ತೆಗೆದು ಪರೀಕ್ಷೆ ಮಾಡುಸ್ಬೇಕು. ಇನ್ನೂ ತಿಕ್ತಾ ಕೂತ್ರೆ ಕಾಲು ಮರದ ಕೊರಡಾಯ್ತದೆ."

ಹಾಸನದಲ್ಲಿ ನಡೆದ ಪರೀಕ್ಷೆ ಅವರ ಅನುಮಾನವನ್ನು ದೃಢಪಡಿಸಿತು. ಎದೆಯಲ್ಲಿ ದೋಷವಿರಲಿಲ್ಲ. "ಇವ್ನ ಜೊತೆ ಉಂಡ್ರೆ ಅಂಟಾಕಿಲ್ಲ," ಎಂದು ಅವರು ಹೇಳಿ ಕಳುಹಿಸಿದರೂ ಮನೆಯಲ್ಲಿ ನನಗೆ ಬೇರೆ ತಟ್ಟೆ, ಬೇರೆ ಲೋಟ, ಹೊಗೆಸೊಪ್ಪನ್ನು ಬಿಸಿಯಲ್ಲಿ ಹದಮಾಡುವ ಬ್ಯಾರನ್ ಮನೆಯ ಪಕ್ಕದ ಕೋಣೆ. ಅವ್ವ ಊಟವನ್ನು ಹೊಸ್ತಿಲಲ್ಲಿಟ್ಟು, ಸೆರಗಿನಿಂದ ಮೂಗು ಮುಚ್ಚಿಕೊಂಡೇ ಅಳುತ್ತಿದ್ದಳು. ಗೆಳೆಯರು ಬರಲಿಲ್ಲ. ವರ್ಷ ದಾಟಿದ ಆ ಔಷಧದ ಕಾಲದಲ್ಲಿ ನನ್ನನ್ನು ಮುಟ್ಟಿದ್ದು, ನನಗೆ ನೆನಪಿರುವಂತೆ, ಆ ತಣ್ಣನೆಯ ಕೈ ಮಾತ್ರ.

ಅವರು ನನಗೆ ಎಂದೂ ಕುರ್ಚಿ ತೋರಿಸಲಿಲ್ಲ. "ನೆಲದ ಮೇಲೆ ಕಾಲು ಮಡಚಿ ಕೂತು ತೋರ್ಸು, ಆಮೇಲೆ ಮಾತು," ಎನ್ನುತ್ತಿದ್ದರು. ಮೊದಮೊದಲು ನಾನು ಗೋಡೆಗೊರಗಿ ಕಾಲು ಚಾಚಿಯೇ ಕೂರುತ್ತಿದ್ದೆ. "ಪರವಾಗಿಲ್ಲ ಬುಡು, ಗೋಡೆಗೂ ಒಬ್ಬ ಜೊತೆಗಾರ ಸಿಕ್ದ," ಎಂದು ನಗುತ್ತಿದ್ದರು. ಒಂಟಿಯಾಗಿದ್ದ ಅವರು ಮಧ್ಯಾಹ್ನದ ಬುತ್ತಿಯನ್ನು ಕ್ಲಿನಿಕ್ಕಿನಲ್ಲೇ ಉಣ್ಣುತ್ತಿದ್ದರು. ಒಮ್ಮೆ ತಮ್ಮ ತಟ್ಟೆಯ ಮುದ್ದೆಯನ್ನು ಮುರಿದು ಅರ್ಧವನ್ನು ನನ್ನತ್ತ ಸರಿಸಿದರು. ಒಂದೇ ತಟ್ಟೆಯಲ್ಲಿ ಉಂಡೆವು.

ನಾನು ಪದವೀಧರನಾಗಿ, ಚನ್ನರಾಯಪಟ್ಟಣದಲ್ಲಿ ನೌಕರಿ ಹಿಡಿದ ಮೇಲೆ ಭೇಟಿಗಳು ವಿರಳವಾದವು. ಅವರು ತೀರಿಕೊಂಡ ಸುದ್ದಿ ತಿಳಿದು ಹೋದಾಗ, ಅವರನ್ನು ಕ್ಲಿನಿಕ್ಕಿನ ನಡುವೆ ಚಾಪೆಯ ಮೇಲೆ ಮಲಗಿಸಿದ್ದರು. ಬಂದಿದ್ದವರು ಬೆರಳೆಣಿಕೆಯಷ್ಟು ಜನ. ಹಳೆಯ ಕಾಂಪೌಂಡರ್ ನನ್ನ ಕಾಲನ್ನು ನೆನಪಿಟ್ಟುಕೊಂಡು ಕುರ್ಚಿ ತಂದಿಟ್ಟ. ನಾನು ಅವರ ಪಕ್ಕದಲ್ಲಿ, ನೆಲದ ಮೇಲೆ, ಎರಡೂ ಕಾಲು ಮಡಚಿ ಕುಳಿತೆ.