ಸುಂದ್ರಮ್ಮನ ಸಕ್ಕರೆ ತೊಟ್ಟಿಲು

ಬಿಳಿಕೆರೆಯಲ್ಲಿ ಷಣ್ಮುಖಪ್ಪನ ದಿನಸಿ ಅಂಗಡಿ ಯಾವುದೆಂದು ಕೇಳಿದರೆ, "ಅದೇ, ಸಕ್ಕರೆ ಅಚ್ಚಿನ ಸುಂದ್ರಮ್ಮನ ಮನೆ ತಾನೇ?" ಎಂದು ಜನ ತಿರುಗಿ ಕೇಳುತ್ತಿದ್ದರು. ಷಣ್ಮುಖಪ್ಪನಿಗೆ ಅದರಿಂದ ಬೇಸರವೇನೂ ಇರಲಿಲ್ಲ. "ಮೂಟೆಗಟ್ಟಲೆ ಸಕ್ಕರೆ ಮಾರೋನು ನಾನು, ಸೇರು ಸಕ್ಕರೆ ಕರಗಿಸಿ ಹೆಸರು ತಗೊಂಡೋಳು ಇವಳು" ಎಂದು ಗಿರಾಕಿಗಳ ಮುಂದೆ ನಗುತ್ತಿದ್ದ.

ಸುಂದ್ರಮ್ಮ ಹುಟ್ಟಿದ್ದು ಪಿರಿಯಾಪಟ್ಟಣದಲ್ಲಿ. ಮದುವೆಯಾಗಿ ಬರುವಾಗ ಅವಳ ತಾಯಿ ಒಡವೆಗಿಂತ ಜೋಪಾನವಾಗಿ ಕಟ್ಟಿಕೊಟ್ಟದ್ದು ಒಂದು ಚೀಲ ಮರದ ಅಚ್ಚು. ಗಿಳಿ, ಮೀನು, ನಂದಿ, ಬಾಳೆಗೊನೆ, ಆನೆ, ಮಂಟಪ. ಅವುಗಳ ಜೊತೆ ಮೂರು ತುಂಡು ಸೇರಿಸಿ ಕಟ್ಟುವ ಒಂದು ತೊಟ್ಟಿಲು. ಮಿಕ್ಕವನ್ನು ಯಾರಾದರೂ ಹೊಯ್ದಾರು, ತೊಟ್ಟಿಲು ಮಾತ್ರ ಎಲ್ಲರ ಕೈಗೂ ಒಗ್ಗುವಂಥದ್ದಲ್ಲ. ಅದರ ಸರಪಳಿ ದಾರದಷ್ಟು ಸಣ್ಣ. ಪಾಕ ಒಂದಿಷ್ಟು ಎಳೆಯದಾದರೆ ನಿಲ್ಲುವುದಿಲ್ಲ, ಒಂದಿಷ್ಟು ಬಲಿತರೆ ಅಚ್ಚಿನೊಳಗೆ ಇಳಿಯುವುದೇ ಇಲ್ಲ.

ಪುಷ್ಯ ಮಾಸ ಹತ್ತಿರ ಬಂದಿತೆಂದರೆ ಸುಂದ್ರಮ್ಮನ ಅಡಿಗೆಮನೆಗೆ ಬೇರೆಯೇ ಕಳೆ. ಅಚ್ಚುಗಳೆಲ್ಲ ಹಿಂದಿನ ದಿನವೇ ನೀರಿನಲ್ಲಿ ನೆನೆಯಬೇಕು. ಒಣಮರಕ್ಕೆ ಪಾಕ ಹೊಯ್ದರೆ ಕಚ್ಚಿಕೊಂಡು ಕೂರುತ್ತದೆ. ನೆನೆದದ್ದನ್ನು ಒರಸಿ, ಬಾಳೆನಾರಿನಲ್ಲಿ ಬಿಗಿದು ಸಾಲಾಗಿ ನಿಲ್ಲಿಸುವಳು. ಸಕ್ಕರೆಗೆ ನೀರು ಹಾಕಿ ಕುದಿಸಿ, ಒಂದು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುವುದು. ಅದನ್ನು ತೆಗೆದು, ಒದ್ದೆ ಬಟ್ಟೆಯಲ್ಲಿ ಸೋಸಿ, ಎರಡು ಹನಿ ನಿಂಬೆರಸ ಹಿಂಡಿ, ಸಣ್ಣ ಪಾತ್ರೆಯಲ್ಲಿ ಸ್ವಲ್ಪಸ್ವಲ್ಪವೇ ಕಾಯಿಸಿ, ಸೌಟಿನಿಂದ ಅಂಚಿಗೆ ತೀಡುವಳು. ತಿಳಿಯಾಗಿದ್ದ ಪಾಕ ಹಾಲಿನಂತೆ ಬೆಳ್ಳಗಾಗುವ ಆ ಒಂದು ಗಳಿಗೆ ಇದೆಯಲ್ಲ, ಆಗ ಮನೆಗೆ ಯಾರು ಬಂದರೂ ಅವಳು ತಲೆ ಎತ್ತುತ್ತಿರಲಿಲ್ಲ. ರೇಷನ್ನಿನ ಕಾಲದಲ್ಲಿ ಸಕ್ಕರೆ ಸಿಗದೆ ಹೋದಾಗಲೂ ಕೇರಿಯ ಹೆಂಗಸರು ಬೊಗಸೆ, ಅರ್ಧ ಬೊಗಸೆ ಉಳಿಸಿಟ್ಟು ತಂದು ಅವಳ ಮುಂದೆ ಸುರಿಯುತ್ತಿದ್ದರು. ಹೊಸ ಮದುವಣಗಿತ್ತಿಯ ತಟ್ಟೆಗೆ, ಬಸುರಿಯ ಮಡಿಲಿಗೆ ಸುಂದ್ರಮ್ಮ ಹೊಯ್ದ ಅಚ್ಚೇ ಬೀಳಬೇಕು. ಅವಳ ಕೈಗುಣ ಅಂಥದ್ದು ಎಂದು ಹೆಸರು. ಎದುರುಮನೆಯ ಮಂಗಳಮ್ಮನಿಗೆ ಮದುವೆಯಾಗಿ ಏಳು ವರ್ಷದ ಮೇಲೆ ಗಂಡುಮಗು ಆದದ್ದು ಸುಂದ್ರಮ್ಮನ ತೊಟ್ಟಿಲಿನಿಂದಲೇ ಎಂದು ಮಂಗಳಮ್ಮ ಬಾವಿಕಟ್ಟೆಯಲ್ಲಿ ಸಾರದ ದಿನವಿಲ್ಲ.

ಸುಂದ್ರಮ್ಮನಿಗೆ ಒಬ್ಬಳೇ ಮಗಳು, ಸರ್ವಮಂಗಳ. ಹದಿನೆಂಟು ತುಂಬುತ್ತಲೇ ಕೃಷ್ಣರಾಜನಗರದ ಕಡೆಯ ಹೊಸ ಅಗ್ರಹಾರಕ್ಕೆ ಕೊಟ್ಟರು. ಗದ್ದೆ ತೋಟ ಇದ್ದ ಮನೆ. ಅಳಿಯ ರುದ್ರಸ್ವಾಮಿ ಮಾತು ಕಡಿಮೆಯ ಹುಡುಗ. ಮನೆಯಲ್ಲಿ ನಡೆಯುವುದೆಲ್ಲ ಅವನ ತಾಯಿ ಪುಟ್ಟಮಲ್ಲಮ್ಮನ ಮಾತು. ವೈಶಾಖದಲ್ಲಿ ಮದುವೆ. ಗೌರಿಹಬ್ಬಕ್ಕೆ ಸರ್ವಮಂಗಳ ತವರಿಗೆ ಬಂದಾಗ ನೀರು ನಿಂತಿತ್ತು, ಬಸುರಿ. ಹೊರಡುವ ದಿನ ತಾಯಿಯ ಕಿವಿಯ ಹತ್ತಿರ ಬಂದು, "ಅವ್ವ, ಸಂಕ್ರಾಂತಿಗೆ ನನಗೂ ತೊಟ್ಟಿಲು ಹೊಯ್ತೀಯಾ?" ಎಂದಳು.

"ಊರೋರಿಗೆಲ್ಲ ಹೊಯ್ದೋಳು ನಿನಗೆ ಹೊಯ್ಯದೆ ಇರ್ತೀನಾ? ಹೋಗೆ, ಹುಚ್ಚಿ."

ಮದುವೆಯಾದ ಮೊದಲ ಸಂಕ್ರಾಂತಿಗೆ ತವರಿನಿಂದ ಎಳ್ಳಿನ ತಟ್ಟೆ ಹೋಗಬೇಕು. ಅದನ್ನು ಹೊತ್ತುಕೊಂಡು ಹೋಗುವವನು ಅಣ್ಣನೋ ತಮ್ಮನೋ. ಸರ್ವಮಂಗಳಳಿಗೆ ಅಂಥವರಿಲ್ಲ. ಹಬ್ಬದ ಎದುರಿನಲ್ಲಿ ಷಣ್ಮುಖಪ್ಪ ಅಂಗಡಿ ಬಿಡುವ ಹಾಗಿಲ್ಲ. ಆಳಿನ ಕೈಯಲ್ಲಿ ಕಳಿಸಿದರೆ ಬಸ್ಸಿನ ಕುಲುಕಾಟಕ್ಕೆ ತೊಟ್ಟಿಲಿನ ಸರಪಳಿ ಉಳಿದೀತೇ? ಸುಂದ್ರಮ್ಮ ತಾನೇ ಹೊರಟಳು. ಹಬ್ಬಕ್ಕೆ ಎರಡು ದಿನ ಇರುವಾಗ ಹೊಯ್ದ ತೊಟ್ಟಿಲು ಒಂದೇ ಸಲಕ್ಕೆ, ಕೂದಲೆಳೆಯಷ್ಟೂ ಬಿರುಕಿಲ್ಲದೆ ಅಚ್ಚು ಬಿಟ್ಟಿತ್ತು. ಷಣ್ಮುಖಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ, "ಮೊಮ್ಮಗ ಇದರಲ್ಲೇ ಮಲಗ್ತೀನಿ ಅಂದ್ರೆ ಏನು ಮಾಡ್ತೀಯೆ?" ಎಂದು ಕೇಳಿದ್ದ. ಮಿಕ್ಕ ಅಚ್ಚುಗಳೂ ಎಳ್ಳುಬೆಲ್ಲವೂ ಬುಟ್ಟಿಯಲ್ಲಿ. ತೊಟ್ಟಿಲು ಮಾತ್ರ ಹತ್ತಿ ಹಾಸಿದ ಡಬ್ಬಿಯಲ್ಲಿ, ಅವಳ ಮಡಿಲಿನ ಮೇಲೆ.

ಹಬ್ಬದ ದಿನ ಮಧ್ಯಾಹ್ನಕ್ಕೆ ಹೊಸ ಅಗ್ರಹಾರ ತಲುಪಿದಳು. ಬೀಗರ ಮನೆಯ ಪಕ್ಕದ ಕೊಟ್ಟಿಗೆಯ ಹತ್ತಿರ ಆಳು ಚಿಕ್ಕಬೀರಮ್ಮ ಹಸುಗಳ ಕೊಂಬಿಗೆ ಬಣ್ಣ ಬಳಿಯುತ್ತಿದ್ದಳು. ಸುಂದ್ರಮ್ಮನನ್ನು ಕಂಡವಳೇ ಕೈಯಲ್ಲಿದ್ದ ಬಣ್ಣದ ಚಿಪ್ಪು ಕೆಳಗಿಟ್ಟಳು.

"ಅಯ್ಯೋ, ನೀವೇ ಬಂದ್ರಾ ಅಮ್ಮಾರೆ? ನಿಮಗೆ ಇಸ್ಯ ಗೊತ್ತಾಯ್ತಾ?"

"ಯಾವ ವಿಷಯ?"

ಚಿಕ್ಕಬೀರಮ್ಮ ಜಗಲಿಯ ಕಡೆ ನೋಡಿ ದನಿ ತಗ್ಗಿಸಿದಳು. "ಮಗಿ ನಿಲ್ನಿಲ್ಲ ಕಣ್ರವ್ವ. ಓದ್ವಾರ, ಮಂಗಳವಾರ ಒತ್ತಾರೆ. ಅಬ್ಬ ಕಳೀಲಿ, ಆಮೇಕೆ ಏಳ್ಕಳ್ಸನ ಅಂದ್ರು ನಮ್ಮವ್ವಾರು. ಅಬ್ಬದ ಮುಂದೆ ತೌರಿಗೆ ಕೆಟ್ಟ ಸುದ್ದಿ ಕಳಿಸಬಾರದಂತಲ್ಲ."

ಸುಂದ್ರಮ್ಮ ಬುಟ್ಟಿಯನ್ನು ಕೊಟ್ಟಿಗೆಯ ಕಂಬದ ಬುಡಕ್ಕೆ ಇಳಿಸಿದಳು.

"ಅವಳು ಹೇಗಿದ್ದಾಳೆ?"

"ಜೀವಕ್ಕೇನಿಲ್ಲ. ಮಾತಿಗೇ ಸಾಯ್ತಾ ಅವ್ಳೆ. ಇತ್ತಲಲ್ಲಿ ಎಳಚಿ ಅಣ್ಣು ಕೀಳಾಕೆ ಕೈ ಎತ್ತುದ್ಲಂತೆ, ಅದ್ಕೇ ಅಂಗಾಯ್ತು ಅಂತ ದಿನಾ ಅದೇ ರಾಗ. ಬಂದೋರ್ ಮುಂದೆಲ್ಲ ಅದೇ."

ಅಳುವುದಕ್ಕೆ ಅದು ಹೊತ್ತಲ್ಲ. ಜಗಲಿಯ ಮೇಲೆ ಎಳ್ಳಿಗೆಂದು ಕರೆದ ಮುತ್ತೈದೆಯರು ಆಗಲೇ ಕೂತಿದ್ದರು. ಬುಟ್ಟಿ ಬಿಚ್ಚಿದರೆ ಡಬ್ಬಿಯೂ ಬಿಚ್ಚಬೇಕಾಗುತ್ತದೆ. ಸುಂದ್ರಮ್ಮ ಡಬ್ಬಿಯ ಮುಚ್ಚಳ ತೆಗೆದು, ಹತ್ತಿಯ ಮೇಲೆ ಮಲಗಿದ್ದ ತೊಟ್ಟಿಲನ್ನು ಎತ್ತಿ, ಕಲಗಚ್ಚಿನ ಬಾನಿಯೊಳಗೆ ಬಿಟ್ಟಳು. ಅದು ತೌಡಿನ ನೀರಿನಲ್ಲಿ ಮುಳುಗಿತು. ಬಣ್ಣದ ಕೊಂಬಿನ ಹಸು ಮುಸುಡಿ ಚಾಚಿತು. ಚಿಕ್ಕಬೀರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಯಾರಿಗೂ ಹೇಳಬೇಡ ಕಣವ್ವ" ಎಂದು ಕಾಲು ತೊಳೆದು, ಬುಟ್ಟಿ ಎತ್ತಿಕೊಂಡು ಸುಂದ್ರಮ್ಮ ಜಗಲಿ ಹತ್ತಿದಳು.

ಪುಟ್ಟಮಲ್ಲಮ್ಮ ಎದ್ದು ಬಂದು ಕೈ ಹಿಡಿದಳು. ಕೆಟ್ಟ ಹೆಂಗಸಲ್ಲ. ಮೊಮ್ಮಗುವಿಗೆಂದು ಹಳೆಯ ಸೀರೆಗಳನ್ನು ಹರಿದು ಕೌದಿ ಹೊಲಿದಿಟ್ಟವಳು. "ಮಗು ನಿಲ್ಲಲಿಲ್ಲ. ಹೇಳಿ ಕಳಿಸಲಿಲ್ಲ ಅಂತ ಬೇಜಾರು ಮಾಡ್ಕಬೇಡಿ ಬೀಗಿತ್ತಿಯವರೇ. ನಮ್ಮಲ್ಲಿ ಸೂತಕ ಅಂತ ಇಲ್ಲ, ಹಬ್ಬ ನಿಲ್ಲಿಸೋ ಹಾಗಿಲ್ಲ. ನಿಮ್ಮ ಮಗಳಿಗೆ ನೂರು ಸಲ ಹೇಳಿದ್ದೆ, ಬಸುರಿ ಕೈ ಮೇಲೆತ್ತಬಾರದು ಅಂತ. ಎಳಚಿ ಹಣ್ಣೇ ಹೆಚ್ಚಾಯ್ತು ಅವಳಿಗೆ."

ಕೂತಿದ್ದ ಹೆಂಗಸರಲ್ಲಿ ಒಬ್ಬಳು ಲೊಚಗುಟ್ಟಿದಳು. ಗೋಡೆಗೆ ಒರಗಿ ಕೂತಿದ್ದ ಸರ್ವಮಂಗಳ ತಲೆ ಎತ್ತಲಿಲ್ಲ. ಕೈಬಳೆ ಮೊಣಕೈವರೆಗೆ ಜಾರುವಷ್ಟು ಇಳಿದುಹೋಗಿದ್ದಳು. ಸುಂದ್ರಮ್ಮ ಹೋಗಿ ಪಕ್ಕದಲ್ಲಿ ಕೂತಳು. ಹತ್ತು ಜನರ ನಡುವೆ ಮಗಳನ್ನು ಅಪ್ಪಿಕೊಳ್ಳುವುದು ಹೇಗೆಂದು ತಿಳಿಯದೆ ಅವಳ ಸೆರಗನ್ನು ಸರಿಮಾಡಿದಳು.

ಬುಟ್ಟಿ ಬಿಚ್ಚಿದರು. ಗಿಳಿ, ನಂದಿ, ಮಂಟಪ, ಬಾಳೆಗೊನೆ ತಟ್ಟೆಯಲ್ಲಿ ಬೆಳ್ಳಗೆ ನಿಂತವು. ಸರ್ವಮಂಗಳ ಒಂದೊಂದನ್ನೇ ನೋಡಿದಳು.

"ತೊಟ್ಟಿಲು ಎಲ್ಲವ್ವ? ಹೊಯ್ಲೇ ಇಲ್ವಾ?"

ಇಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತೋ ಏನೋ. ಆದರೆ ಮಗಳು ಬಾಯಿಬಿಟ್ಟು ಕೇಳಿದ್ದನ್ನು ತಾಯಿ ಮರೆತಳು ಎಂದಾಗಬಾರದು ಅನ್ನಿಸಿತು. "ಹೊಯ್ದೆ ಕಣವ್ವ. ಅಚ್ಚಿಂದ ಬಿಡಿಸೋವಾಗ ಮುರೀತು" ಎಂದುಬಿಟ್ಟಳು.

ಜಗಲಿಯ ಮಾತೆಲ್ಲ ತಟ್ಟನೆ ನಿಂತಿತು. ಬಸುರಿಗೆಂದು ಹೊಯ್ದ ತೊಟ್ಟಿಲು ಮುರಿಯುವುದು! ಅಂದ ಮೇಲೆಯೇ ಅದೆಂಥ ಮಾತು ಎಂದು ಸುಂದ್ರಮ್ಮನಿಗೆ ಹೊಳೆದದ್ದು.

ಪುಟ್ಟಮಲ್ಲಮ್ಮ ಮೆಲ್ಲಗೆ ಕೇಳಿದಳು: "ಮುರೀತಾ? ಯಾವತ್ತು ಹೊಯ್ದಿದ್ರಿ?"

ಮೊನ್ನೆ ಎಂದರೆ ಯಾವ ದೋಷವೂ ಇಲ್ಲ. ಆಗಬಾರದ್ದು ಆಗಿ ಹೋದ ಮೇಲೆ ಮುರಿದದ್ದು, ಮುರಿದರೆ ಮುರಿಯಿತು. ಸುಂದ್ರಮ್ಮನ ನಾಲಿಗೆಯ ತುದಿಗೆ ಆ ಮಾತು ಬಂದೂ ಇತ್ತು. ಪಕ್ಕಕ್ಕೆ ನೋಡಿದಳು. ಎಳಚಿ ಹಣ್ಣು ಕಿತ್ತ ಆ ಎರಡು ಕೈಗಳನ್ನು ಸರ್ವಮಂಗಳ ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಳು, ಕದ್ದವಳ ಹಾಗೆ.

"ಹೋದ ವಾರ," ಎಂದಳು ಸುಂದ್ರಮ್ಮ. "ಸೋಮವಾರ."

"ಸೋಮವಾರ!" ಪುಟ್ಟಮಲ್ಲಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಮಾರನೇ ದಿನ ಒತ್ತಾರೆ ಇಲ್ಲಿ... ಶಿವನೇ! ಕೇಳಿದ್ರಾ? ತವರಲ್ಲಿ ತೊಟ್ಟಿಲು ಮುರೀತು, ಇಲ್ಲಿ ಬಸುರು ಇಳೀತು. ನಾನು ಸುಮ್ಮನೆ ಹುಡುಗಿಯನ್ನ ಬಯ್ಕೊಂಡು ತಿರುಗಿದೆನಲ್ಲಾ!"

"ಎಳಚಿ ಹಣ್ಣಿನಿಂದ ಏನಾಗ್ತದೆ ಬುಡಿ, ನಾವೆಲ್ಲ ಕಿತ್ತಿಲ್ವಾ?" ಎಂದಳು ಲೊಚಗುಟ್ಟಿದ್ದವಳೇ.

ಪುಟ್ಟಮಲ್ಲಮ್ಮ ಸೊಸೆಯ ತಲೆ ಸವರಿದಳು. ಒಳಗೆ ಹೋಗಿ ಬಿಸಿಹಾಲು ತಂದು ಕುಡಿಸಿದಳು. ಹತ್ತು ದಿನದಿಂದ ಆ ಮನೆಯಲ್ಲಿ ಅವಳಿಗೆ ಯಾರೂ ಹಾಗೆ ಕೊಟ್ಟಿರಲಿಲ್ಲ. ಸೆರಗಿನಿಂದ ಹುಡುಗಿಯ ಕೈ ಹೊರಗೆ ಬಂದದ್ದನ್ನು, ಲೋಟ ಹಿಡಿದದ್ದನ್ನು ಸುಂದ್ರಮ್ಮ ನೋಡಿದಳು. ಅಷ್ಟು ಸಾಕಿತ್ತು ಅವಳಿಗೆ.

ಅಷ್ಟಕ್ಕೇ ನಿಲ್ಲಲಿಲ್ಲ. ಹೆಂಗಸರು ಎದ್ದು ಹೋಗುವಾಗ ಎಳ್ಳು ತೆಗೆದುಕೊಂಡರು, ಕಬ್ಬಿನ ಜಲ್ಲೆ ತೆಗೆದುಕೊಂಡರು. ಸಕ್ಕರೆ ಅಚ್ಚಿಗೆ ಯಾರೂ ಕೈ ಹಾಕಲಿಲ್ಲ. ಸಂಜೆ ಹೊರಡುವಾಗ ಸರ್ವಮಂಗಳ ಬಾಗಿಲತನಕ ಬಂದು, ತಾಯಿಯ ಮುಖವನ್ನೇ ನೋಡುತ್ತ ಕೇಳಿದಳು:

"ಸೋಮವಾರವೇ ಮುರಿದಿದ್ರೆ ಒಂದು ಮಾತು ಹೇಳಿ ಕಳಿಸಬಾರದಿತ್ತಾ ಅವ್ವ? ನಾನು ಹಾಸಿಗೆ ಬಿಟ್ಟು ಏಳ್ತಿರಲಿಲ್ಲವಲ್ಲ."

"ತಲೆಗೆ ಬಟ್ಟೆ ಕಟ್ಕೊ, ಗಾಳಿಗೆ ನಿಲ್ಲಬೇಡ" ಎಂದು ಸುಂದ್ರಮ್ಮ ಮೆಟ್ಟಿಲಿಳಿದಳು.

ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದಳು. ಷಣ್ಮುಖಪ್ಪ ಅಂಗಡಿಯ ಬಾಗಿಲು ಹಾಕಿ ಬಂದ. ಆಮೇಲೆ, "ತೊಟ್ಟಿಲನ್ನ ನಾನೇ ಕೈಯಲ್ಲಿ ಹಿಡಿದು ನೋಡಿದ್ದೀನಿ. ನಾಳೆ ಹೋಗಿ ಹೇಳಿ ಬರ್ತೀನಿ, ಹಾಗೇನೂ ಆಗಲಿಲ್ಲ ಅಂತ" ಎಂದ.

"ಹೇಳಿದ್ರೆ ಕೈ ಎತ್ತಿದ ಮಾತು ತಿರುಗಿ ಅವಳ ತಲೆ ಮೇಲೇ ಕೂರುತ್ತೆ. ಅವಳು ಆ ಮನೇಲಿ ಬಾಳಬೇಕು. ನನಗೇನು, ನಾನು ನನ್ನ ಮನೇಲಿದೀನಿ. ಸುಮ್ನಿರಿ."

"ಸುಳ್ಳು ಹೇಳೋಕೆ ನಿನಗೆ ಬೇರೆ ಏನೂ ಸಿಗಲಿಲ್ವೇನೆ?"

"ಇಲ್ಲ" ಎಂದಳು. ಆಗ ಅತ್ತಳು.

ಸುದ್ದಿಗೆ ಬಸ್ಸಿನ ಟಿಕೆಟ್ಟು ಬೇಕಿಲ್ಲ. ಯುಗಾದಿಯೊಳಗೆ ಬಿಳಿಕೆರೆಗೂ ಬಂತು. ಮುಂದಿನ ಸಂಕ್ರಾಂತಿಗೆ ಅಚ್ಚುಗಳನ್ನು ನೆನೆಹಾಕಿ ಕೂತರೆ ಸಕ್ಕರೆ ಹೊತ್ತು ಬಂದವರು ಯಾರೂ ಇಲ್ಲ. ಮಂಗಳಮ್ಮ ಬಾವಿಕಟ್ಟೆಯಲ್ಲಿ ಸಿಕ್ಕಿ, ಎತ್ತಲೋ ನೋಡುತ್ತ, "ಈ ಸಲ ಮೈಸೂರಿಂದಲೇ ತರಿಸಿಬಿಟ್ವಿ ಸುಂದ್ರಕ್ಕ. ನಿಮಗೂ ಯಾಕೆ ತೊಂದರೆ ಅಂತ" ಎಂದಳು. ಸುಂದ್ರಮ್ಮ, "ಒಳ್ಳೇದಾಯ್ತು ಬಿಡು, ನನಗೂ ಹೊಗೆಗೆ ಕಣ್ಣು ಉರಿಯುತ್ತೆ" ಎಂದು ಕೊಡ ಎತ್ತಿದಳು. ನೆನೆದ ಅಚ್ಚುಗಳನ್ನು ಬಿಸಿಲಿಗಿಟ್ಟು ಒಣಗಿಸಿದಳು.

ಸರ್ವಮಂಗಳ ಮತ್ತೆ ಬಸುರಾದಳು. ಹೆರಿಗೆಗೆ ತವರಿಗೆ ಕರೆಯಬೇಕು, ಅದು ವಾಡಿಕೆ. ಕರೆಯಲು ಹೋದ ಷಣ್ಮುಖಪ್ಪನಿಗೆ ಪುಟ್ಟಮಲ್ಲಮ್ಮ ಹೋಳಿಗೆ ಊಟ ಹಾಕಿ, ಬಹಳ ಮರ್ಯಾದೆಯಿಂದ, "ಇದೊಂದು ಸಲ ಇಲ್ಲೇ ಆಗಲಿ ಬೀಗರೇ" ಎಂದಳು. ಬಸ್ಸಿನವರೆಗೂ ಜೊತೆಗೆ ಬಂದ ರುದ್ರಸ್ವಾಮಿ ನೆಲ ನೋಡುತ್ತ ಹೇಳಿದ: "ಅವಳಿಗೂ ಒಂಚೂರು ಭಯ ಮಾವ." ಅಂಗಡಿಗೆ ಬಂದು ಆ ಮಾತನ್ನು ಹೆಂಡತಿಗೆ ಹೇಳುವುದೋ ಬೇಡವೋ ಎಂದು ಷಣ್ಮುಖಪ್ಪ ಎರಡು ದಿನ ಒದ್ದಾಡಿದ. ಕೊನೆಗೆ ಹೇಳಿದ.

ಗಂಡುಮಗು ಹುಟ್ಟಿತು. ಮೊದಲ ಸಂಕ್ರಾಂತಿಗೆ ಮಗುವಿನ ತಲೆಯ ಮೇಲೆ ಎಳಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸುರಿಯುವ ಶಾಸ್ತ್ರ. ಅಜ್ಜಿ ತಾತ ಬರಲೇಬೇಕು. ಬರುವಾಗ ಹಣ್ಣು, ಬಟ್ಟೆ ಏನು ಬೇಕಾದರೂ ತರಬಹುದು, ಅಚ್ಚು ಮಾತ್ರ ಬೇಡ ಎಂದು ಹೇಳಿ ಕಳಿಸಿದವಳು ಸರ್ವಮಂಗಳಳೇ.

ಸುಂದ್ರಮ್ಮ ತಾನೇ ಹೊಲಿದ ಕುಲಾವಿ ತಂದಿದ್ದಳು. ಮಗುವನ್ನು ಮಣೆಯ ಮೇಲೆ ಕೂರಿಸಿದರು. ತಟ್ಟೆಯಲ್ಲಿ ಮೈಸೂರಿನಿಂದ ತಂದ ಗಿಳಿಗಳು. ಪಾಕ ಸೋಸಿರಲಿಲ್ಲವೋ ಏನೋ, ಮಾಸಲು ಬಣ್ಣ. ಸರ್ವಮಂಗಳ ಒಂದನ್ನು ತಾಯಿಯ ಕೈಗಿಟ್ಟಳು. ಸುಂದ್ರಮ್ಮ ಕಚ್ಚಿ, "ಚೆನ್ನಾಗಿದೆ ಕಣೆ" ಎಂದಳು. ಎಳಚಿ ಹಣ್ಣು ತಲೆಯ ಮೇಲೆ ಬಿದ್ದಾಗ ಮಗು ಬೆಚ್ಚಿ, ಆಮೇಲೆ ಕೇಕೆ ಹಾಕಿತು. ಕೇರಿಯ ಮಕ್ಕಳೆಲ್ಲ ಆಯ್ದುಕೊಳ್ಳಲು ಮುಗಿಬಿದ್ದರು. ಆ ಗದ್ದಲದಲ್ಲಿ ಸರ್ವಮಂಗಳ ತಾಯಿಯ ಭುಜಕ್ಕೆ ಭುಜ ತಾಗಿಸಿ ಕೂತು, ಯಾರಿಗೂ ಕೇಳಿಸದ ಹಾಗೆ ಕೇಳಿದಳು:

"ಅವ್ವ, ನಿಜ ಹೇಳು. ಆವತ್ತು ಅದು ಸೋಮವಾರವೇ ಮುರಿದದ್ದಾ?"

ಎದುರಿಗೆ ಪುಟ್ಟಮಲ್ಲಮ್ಮ ಸೊಸೆಗೆಂದು ತಂಬಿಟ್ಟಿನ ಉಂಡೆ ಎತ್ತಿಡುತ್ತಿದ್ದಳು. ದೊಡ್ಡದನ್ನು ಆರಿಸಿ ಎತ್ತಿಡುತ್ತಿದ್ದಳು.

"ಸೋಮವಾರವೇ ಕಣೆ" ಎಂದಳು ಸುಂದ್ರಮ್ಮ. "ಮಾತು ಸಾಕು, ಮಗು ಕಡೆ ನೋಡು. ಮಣೆ ಮೇಲಿಂದ ಜಾರ್ತಾ ಇದೆ."